ಹುಲ್ಲು ಬೇಡಲು ಬಂದ ಬೆಕ್ಕು

ಸ್ವಾತಂತ್ರ್ಯಕ್ಕೆ ಮುಂಚಿನ ಮಾತು. ದೂರದ ಊರಿಂದ ಹೊನ್ನಾಳಿಯ ಶಾಲೆಗೆ ಪಾಠ ಹೇಳಲು ಬಂದಿದ್ದೆ. ಮನೆಯಲ್ಲಿ ಇಲಿಕಾಟವೆಂದು, ಮುದಿ ದನ, ಬಿಡಾಡಿ ಬೆಕ್ಕುಗಳನ್ನು ಸಾಕುತ್ತಿದ್ದ ಧರ್ಮದ ಕೊಟ್ಟಿಗೆಯಿಂದ ಒಂದು ಕರಿಬೆಕ್ಕು ತಂದೆ.

"ಇದಾದ್ರೂ ಬದುಕ್ಲಿ ಅಕ್ಕೋರೇ. ಹುಲ್ಲು ಮುಗಿದೈತೆ, ದನ ಉಳಿಯಾಕಿಲ್ಲ," ಎಂದ ಅಲ್ಲಿನ ಅಜ್ಜ.

ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ಭಾನುವಾರ ಹುಲ್ಲು ಬೇಡಲು ಹೊರಟೆ. ಬೆಕ್ಕೂ ಹಿಂದೆ ಬಂತು. ಮೂರು ಮನೆಯವರು "ಮುಂದೆ ಹೋಗ್ರಿ" ಅಂದರು. ನಾಲ್ಕನೆಯ ಮನೆಯ ಗೌಡರು ಮಗನಿಗೆ ಹೆಣ್ಣು ನೋಡಲು ಬಂಡಿ ಹತ್ತಿದ್ದರು. ಬೆಕ್ಕು ಎತ್ತುಗಳ ಮುಂದೆ ಕಾಲಿಟ್ಟಿತು.

"ಅಯ್ಯೋ, ಹಿಡ್ಕೊಳ್ರೀ! ಅಡ್ಡ ಬಂದ್ರೆ ಹೋಗೋ ಕೆಲಸ ಕೆಡ್ತೈತೆ!"

ಬೆಕ್ಕನ್ನು ಎತ್ತಿಕೊಂಡು, "ಹುಲ್ಲಿಗೆ ಬಂದಿದ್ದೆ ಗೌಡ್ರೇ," ಎಂದೆ.

"ಒಂದು ಬಂಡಿ ಕಳಿಸ್ತೀನಿ. ಮೊದ್ಲು ಅದನ್ನ ಬಿಗಿಯಾಗಿ ಹಿಡೀರಿ ತಾಯಿ!"

ಆ ಬೇಸಿಗೆ ದನಗಳು ಉಳಿದವು. ಹುಲ್ಲು ಕೇಳುವಾಗ ಹೇಳಲೆಂದು ಪ್ರಾಣಿದಯೆಯ ಬಗ್ಗೆ ನಾನು ಬಾಯಿಪಾಠ ಮಾಡಿದ್ದ ಭಾಷಣವನ್ನು ಮಾತ್ರ ಇವತ್ತಿಗೂ ಯಾರೂ ಕೇಳಿಲ್ಲ.