ಮೇಲೆ ನಿಲ್ಲಬೇಕಾದ ಮಾತು

ಕೆ.ಆರ್. ಪುರದ ಶ್ವೇತಳ ಅಪ್ಪ ಮುನಿಆಂಜನಪ್ಪನವರಿಗೆ ಮರೆವಿನ ಕಾಯಿಲೆ. ಅವರ ದ್ರಾಕ್ಷಿ ತೋಟವಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದು ಎಷ್ಟೋ ವರ್ಷವಾಗಿದ್ದರೂ, ಬೆಳಗಾದರೆ ಸಾಕು, "ನೀರು ಬಿಡ್ಬೇಕು" ಎನ್ನುತ್ತ ಚಪ್ಪಲಿ ಹುಡುಕುತ್ತಿದ್ದರು. ಇಂದಿರಾನಗರದ ಆಡಿಟರ್ ಕಚೇರಿಯಲ್ಲಿ ಕೆಲಸಕ್ಕಿದ್ದ ಶ್ವೇತ, ಇಂಥವರನ್ನು ನೋಡಿಕೊಳ್ಳುವವರದೇ ಒಂದು ವಾಟ್ಸಾಪ್ ಗುಂಪಿಗೆ ಸೇರಿದ್ದಳು. ಅದನ್ನು ತೆರೆದರೆ ಬರೀ ಗುಲಾಬಿ ಹೂವಿನ ಶುಭೋದಯ, ಸುಭಾಷಿತ, ನೆನಪಿನ ಶಕ್ತಿಗೆಂದು ಯಾರೋ ಯಾರಿಗೋ ಕಳಿಸಿದ ಕಷಾಯದ ವಿಧಾನ. ಕ್ರಮೇಣ ಓದುವುದನ್ನೇ ಬಿಟ್ಟಳು.

ಒಂದು ಮಧ್ಯಾಹ್ನ ಅಮ್ಮ ಬೈರಮ್ಮನಿಗೆ ಕಣ್ಣು ಹತ್ತಿದ್ದಾಗ ಅಪ್ಪ ಬಾಗಿಲು ತೆಗೆದು ಹೊರಟುಬಿಟ್ಟರು. ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನ ಹತ್ತಿರ ಬಸ್ಸುಗಳ ನಡುವೆ ದಿಕ್ಕು ತಪ್ಪಿ ನಿಂತಿದ್ದವರನ್ನು ಟ್ರಾಫಿಕ್ ಪೊಲೀಸರೊಬ್ಬರು ಪಕ್ಕಕ್ಕೆ ಕರೆತಂದು ಕೂರಿಸಿದ್ದರು. ಮೊಣಕಾಲು ತರಚಿತ್ತು. ಜೇಬಿನ ಚೀಟಿಯಲ್ಲಿದ್ದ ನಂಬರಿಗೆ ಪೊಲೀಸರು ಫೋನ್ ಮಾಡಿದಾಗ ಓಡಿಬಂದ ಮಗಳನ್ನು ನೋಡಿ ಅಪ್ಪ, "ಯಾವೂರಮ್ಮ ನಿಂದು?" ಎಂದರು.

ಮಾರನೆಯ ದಿನ ಶ್ವೇತ ರಜೆ ಹಾಕಿ, ಆ ಗುಂಪಿನಲ್ಲಿ 'ಬಾಗಿಲು' ಎಂದು ಹುಡುಕಿದಳು. ಶಿವಾಜಿನಗರದ ಜೀಶಾನ್ ಎಂಬವರು ಹಿಂದೆಯೇ ಬರೆದಿದ್ದರು: "ನಮ್ಮ ಅಬ್ಬಾನೂ ಹೊರಗೆ ಹೋಗ್ಬಿಡ್ತಿದ್ರು. ಬಾಗಿಲಿಗೆ ಗೋಡೆ ಬಣ್ಣದ್ದೇ ಪರದೆ ಹಾಕ್ದೆ. ಈಗ ಅಲ್ಲಿ ಬಾಗಿಲಿದೆ ಅಂತ್ಲೇ ಅವ್ರಿಗೆ ಅನ್ಸಲ್ಲ. ಆದ್ರೆ ಜೊತೆಗೆ ಯಾರಾದ್ರೂ ಇರ್ಲೇಬೇಕು." ಅದಕ್ಕೆ ಒಬ್ಬರೂ ಉತ್ತರಿಸಿರಲಿಲ್ಲ. ಅದರ ಬೆನ್ನಿಗೇ ಹೂವುಗಳ ಸಾಲು.

ಶ್ವೇತ ಬಾಗಿಲಿನ ಅಳತೆ ತೆಗೆದುಕೊಂಡಳು. ಅಂದೇ ಪರದೆ ಹೊಲಿಸಿ ತಂದಳು. ಅಪ್ಪ ಗೋಡೆಯತ್ತ ಹೋಗಿ, ಸ್ವಲ್ಪ ಹೊತ್ತು ನಿಂತು, ವಾಪಸು ಬಂದು ಕೂತರು. ಅವಳು ಗುಂಪನ್ನು ಶುರುಮಾಡಿದ್ದ ರಾಜಶೇಖರ ಅವರಿಗೆ ಫೋನ್ ಮಾಡಿದಳು. ಅವರು ಧಾರವಾಡ ಕಡೆಯ ನಿವೃತ್ತ ಮೇಷ್ಟ್ರು, ಈಗ ಕುಕ್ ಟೌನ್‌ನಲ್ಲಿ ಕಾಯಿಲೆಯ ಹೆಂಡತಿಯೊಂದಿಗೆ ವಾಸ. ಸುಭಾಷಿತಗಳೆಲ್ಲ ಅವರವೇ.

"ಸರ್, ಅನುಭವದಿಂದ ಬರೆದಿದ್ದನ್ನ ಆರಿಸಿ ಎಲ್ಲರಿಗೂ ಮೊದಲು ಕಾಣೋ ಹಾಗೆ ಗುಂಪಿನ ಮೇಲ್ಗಡೆ ಪಿನ್ ಮಾಡೋಣ. ಫಾರ್ವರ್ಡ್ ನಿಲ್ಸೋಣ. ನನ್ನನ್ನೂ ಅಡ್ಮಿನ್ ಮಾಡಿ."

"ಅಲ್ರೀ, ಮಂದಿ ಮುಂಜಾನೆ ಎದ್ದು ನಾಕು ಚಲೋ ಮಾತು ಓದಿದ್ರ ತಪ್ಪೇನ್ರೀ?"

"ತಪ್ಪಲ್ಲ ಸರ್. ಆದ್ರೆ ಅದರಡಿ ಜೀಶಾನ್ ಮಾತು ಮುಚ್ಚೋಯ್ತು. ನಮ್ಮಪ್ಪ ಸ್ವಲ್ಪದ್ರಲ್ಲೇ ಬಸ್ಸಿನಡಿ ಹೋಗ್ಬಿಡ್ತಿದ್ರು."

"ಆತು, ಮಾಡ್ರಿ" ಎಂದು ಫೋನ್ ಇಟ್ಟರು. ಬೇಜಾರಾಗಿದ್ದು ದನಿಯಲ್ಲೇ ಗೊತ್ತಾಯಿತು.

ಶ್ವೇತ ಜೀಶಾನ್‌ರನ್ನು ಕೇಳಿ ಅವರ ಮಾತನ್ನು ಮೇಲೆ ಪಿನ್ ಮಾಡಿದಳು. ವಾರಕ್ಕೊಂದು ಹೊಸದು. ಕಷಾಯದ ಪೋಸ್ಟ್ ಬಂದರೆ, "ನೀವೇ ಕೊಟ್ಟು ನೋಡಿದ್ರಾ? ಏನಾಯ್ತು?" ಎಂದು ಕೇಳುವಳು. ಉತ್ತರವಿಲ್ಲದಿದ್ದರೆ ಅಳಿಸುವಳು. "ಇವಳದೇನು ದೊಡ್ಡಸ್ತಿಕೆ" ಎಂದು ಕೆಲವರು ಬಿಟ್ಟುಹೋದರು. ಒಬ್ಬರು ಬೇರೆ ಗುಂಪು ಕಟ್ಟಿ ಹಲವರನ್ನು ಎಳೆದುಕೊಂಡರು. ಅವಳಿಗೆ ಒಂದೆರಡು ಸಲ ಅಳುವೇ ಬಂತು. ಆದರೂ ಬಿಡಲಿಲ್ಲ.

ಸುಮ್ಮನಾಗಿದ್ದ ರಾಜಶೇಖರ ಅವರಿಗೆ ಅವಳೇ ಬರೆದಳು: "ಸರ್, ಆಂಟಿ ಊಟ ಮಾಡಲ್ಲ ಅಂತಿದ್ರಲ್ಲ, ಈಗ ಹೇಗೆ ಮಾಡಿಸ್ತೀರಿ?" ಎರಡು ದಿನ ಬಿಟ್ಟು ಅವರು ಗುಂಪಿನಲ್ಲೇ ಬರೆದರು. ಬಿಳಿ ತಟ್ಟೆಯಲ್ಲಿ ಅನ್ನ ಆಕೆಗೆ ಕಾಣುತ್ತಲೇ ಇರಲಿಲ್ಲವಂತೆ. ಕೆಂಪು ತಟ್ಟೆ ತಂದ ಮೇಲೆ ತಾನೇ ಕೈ ಹಾಕಿ ಉಣ್ಣುತ್ತಾಳಂತೆ. ಕೊನೆಯ ಸಾಲು: "ನನಗ ಇದು ತಿಳಿಯೋತನಕ ಆಕಿ ಹಸಿದ ಮಲಗ್ತಿದ್ಲು." ಅದಕ್ಕೆ ಬಂದಷ್ಟು ಉತ್ತರ ಅವರ ಯಾವ ಸುಭಾಷಿತಕ್ಕೂ ಬಂದಿರಲಿಲ್ಲ. ಶ್ವೇತ ಅದನ್ನು ಪಿನ್ ಮಾಡಿದಳು.

ಈಗ ಗುಂಪು ಚಿಕ್ಕದು, ಆದರೆ ಜನ ಓದುತ್ತಾರೆ. ಹಲಸೂರಿನ ಜಟ್ಟೆಮ್ಮನಿಗೆ ಬರೆಯಲು ಬೇಸರ, ಹಾಗಾಗಿ ಸಂಜೆ ಶ್ವೇತಳಿಗೆ ಫೋನ್ ಮಾಡುತ್ತಾರೆ. ಸ್ನಾನ ಅಂದರೆ ಕಿರುಚಾಡುವ ಅತ್ತೆಯನ್ನು ಸಮಾಧಾನಪಡಿಸಿದ ಬಗೆ ವಿವರಿಸುತ್ತಾರೆ. ಶ್ವೇತ ಮೆಟ್ರೊದಲ್ಲಿ ಕೂತು, ಒಂದು ಕಿವಿ ಮುಚ್ಚಿಕೊಂಡು, ಆಮೇಲೆ ಗುಂಪಿಗೆ ಬರೆದುಹಾಕಲೆಂದು ಕೇಳುತ್ತಾಳೆ.

"ಸ್ವಲ್ಪ ನಿಧಾನಕ್ಕೆ ಹೇಳಿ ಅಕ್ಕ. ಮೊದಲು ಕಾಲಿಗೆ ನೀರು ಹಾಕಿದ್ರಾ? ಆಮೇಲೆ?"