ಬೆಳ್ಮಣ್ ಸ್ಟಾಪಿನಲ್ಲಿ ಇಳಿಯದ ಅಳಿಯ

ಹೆಂಡತಿಗೆ ಏಳು ತಿಂಗಳಾದಾಗ ಬಯಕೆಯ ಊಟ ಮುಗಿಸಿ, ಮಡಿಲು ತುಂಬಿಸಿ, ಅವಳನ್ನು ತವರಿಗೆ ಕರೆದುಕೊಂಡು ಹೋದರು. ತವರು ಬೆಳ್ಮಣ್. ನಮ್ಮ ಮನೆ ಕಾಪುವಿನಲ್ಲಿ. ನನ್ನ ಕೆಲಸ ನಿಟ್ಟೆಯ ಒಂದು ಹಾಸ್ಟೆಲಿನ ಆಫೀಸಿನಲ್ಲಿ. ಈ ಊರುಗಳನ್ನು ಬಲ್ಲವರಿಗೆ ನನ್ನ ಕಷ್ಟ ಆಗಲೇ ಅರ್ಥವಾಗಿರಬಹುದು, ಉಳಿದವರಿಗೆ ಹೇಳುತ್ತೇನೆ. ನಾನು ದಿನಾ ಹೋಗಿಬರುವ ಬಸ್ಸು ಬೆಳ್ಮಣ್ಣಿನಲ್ಲಿ ನಿಲ್ಲುತ್ತದೆ. ಸ್ಟಾಪಿನಿಂದ ಮಾವನ ಮನೆಗೆ ಐದು ನಿಮಿಷದ ದಾರಿ. ಆದರೆ ಬಯಕೆ ಆದ ಮೇಲೆ ಅಳಿಯನಾದವನು ಕರೆಯಿಲ್ಲದೆ ಆ ಮನೆಯ ಮೆಟ್ಟಿಲು ಹತ್ತುವುದು ನಮ್ಮ ಕಡೆ ಚೆಂದವಲ್ಲ. ಹೋದರೆ ಯಾರೂ ಬೈಯುವುದಿಲ್ಲ, ನಗುತ್ತಾರೆ. ಬೈದರೇ ವಾಸಿ.

ಹೆಂಡತಿ ಫೋನಿನಲ್ಲಿ ದಿನಾ ಸಿಗುತ್ತಿದ್ದಳು. ನನಗೆ ಸಿಗದೆ ಇದ್ದದ್ದು ಮಗುವಿನ ಒದೆತ. ನಮ್ಮ ಮನೆಯಲ್ಲಿದ್ದಾಗ, ಐದನೆಯ ತಿಂಗಳಿನಿಂದಲೇ, ಅವಳು "ಬೇಗ ಬನ್ನಿ" ಎಂದು ಕರೆಯುವುದು, ನಾನು ಓಡಿಹೋಗಿ ಕೈಯಿಡುವುದು, ಒಳಗಿದ್ದವರು ಥಟ್ಟನೆ ಸುಮ್ಮನಾಗುವುದು. ನನ್ನ ಅಮ್ಮ ಕೈಯಿಟ್ಟರೆ ಒದೆಯುತ್ತದೆ. ಪಕ್ಕದ ಮನೆಯವರು ಇಟ್ಟರೂ ಒದೆಯುತ್ತದೆ. ನನಗೆ ಮಾತ್ರ ಇಲ್ಲ. ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ? ಮಣಿಪಾಲದಲ್ಲಿ ಸ್ಕ್ಯಾನಿಂಗಿಗೆ ಹೋದ ದಿನವೂ ನಾನು ಹೊರಗೆ ಅವಳ ಚಪ್ಪಲಿ, ಚೀಲ, ಫೈಲು ಕಾಯುತ್ತ ಕೂತಿದ್ದೆ. "ಅವಳು ಹೇಗಿದ್ದಾಳೆ" ಎಂದು ಊರೆಲ್ಲ ಕೇಳುತ್ತಿತ್ತು. ನಿನಗೆ ಹೇಗುಂಟು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೆದರಿಕೆ ಆಗ್ತದೆ ಎನ್ನುತ್ತಿದ್ದೆ. ಈ ಮಗುವಿಗೆ ನಾನು ಹೊರಗಿನವನಾಗಿಯೇ ಉಳಿದುಬಿಡುತ್ತೇನೆಯೋ ಏನೋ ಎಂಬ ಪೆದ್ದು ಹೆದರಿಕೆ. ಪೆದ್ದು ಎಂದು ಗೊತ್ತಿದ್ದೂ ಅದು ಹೋಗುತ್ತಿರಲಿಲ್ಲ.

ಬಸ್ಸಿನ ಕಂಡಕ್ಟರಿಗೂ ವಿಷಯ ಗೊತ್ತಾಯಿತು. ಬೆಳ್ಮಣ್ ಬಂದಾಗಲೆಲ್ಲ ಸೀಟಿ ಊದುವುದನ್ನು ಸ್ವಲ್ಪ ತಡೆದು, "ಎಂತ ಮಾರಾಯ್ರೆ, ಇವತ್ತೂ ಇಳಿಯುವುದಿಲ್ವಾ?" ಎನ್ನುತ್ತಿದ್ದ. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಒಂಬತ್ತು ತುಂಬಲು ಬಂತು. ಇನ್ನು ಬಿಟ್ಟರೆ ಇಲ್ಲ ಎನಿಸಿದ ಒಂದು ಶನಿವಾರ ಮಟ್ಟುಗುಳ್ಳ ಬದನೆಯ ಚೀಲ ಹಿಡಿದು ಇಳಿದೇಬಿಟ್ಟೆ. ಅತ್ತೆಗೆ ಗುಳ್ಳ ಇಷ್ಟ; ನೆಪವೂ ಆಯಿತು, ಮಾನವೂ ಉಳಿಯಿತು.

ಅತ್ತೆ ನಗಲಿಲ್ಲ. ಸಂತೋಷಪಟ್ಟು ಚಹಾ ಕೊಟ್ಟು, ಮಗಳ ಪಕ್ಕದಲ್ಲೇ ಚಾವಡಿಯಲ್ಲಿ ಕೂತರು. ಕೂತವರು ಏಳಲಿಲ್ಲ. ಹೆಂಡತಿ ನನ್ನನ್ನು ನೋಡಿ ಹೊಟ್ಟೆಯ ಕಡೆ ಕಣ್ಣು ತೋರಿಸಿದಳು. ಒದೆಯುತ್ತಿದೆ ಎಂದು ಅರ್ಥ. ಆದರೆ ಅತ್ತೆಯ ಮುಂದೆ ಹೆಂಡತಿಯ ಹೊಟ್ಟೆಗೆ ಕೈಯಿಡುವ ಧೈರ್ಯ ಯಾವ ಅಳಿಯನಿಗೆ ಉಂಟು? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾನು ಚಹಾ ಕುಡಿದೆ. ಎರಡನೆಯ ಲೋಟವನ್ನೂ ಕುಡಿದೆ.

ಮೂಲೆಯ ಕುರ್ಚಿಯಲ್ಲಿ ಮಾವ ಪೇಪರು ಓದುತ್ತಿದ್ದರು. ಬಹಳ ವರ್ಷ ಮಸ್ಕತ್ತಿನಲ್ಲಿ ದುಡಿದು ಬಂದವರು; ನನ್ನ ಜೊತೆ ಅವರ ಮಾತು ಹವಾಮಾನ ದಾಟಿದ್ದೇ ಇಲ್ಲ. ಅವರು ಪೇಪರು ಮಡಚಿ ಅತ್ತೆಗೆ ಹೇಳಿದರು, "ಗುಳ್ಳದ ಹುಳಿ ಮಾಡು. ಅವರು ಊಟ ಮಾಡಿಯೇ ಹೋಗಲಿ."

"ಮಾಡುವ. ಅವಸರ ಎಂತದು?"

"ಈಗಲೇ. ಕಾಯಿ ನಾನು ತುರಿದು ಕೊಡ್ತೇನೆ."

ಮದುವೆಯಾದಂದಿನಿಂದ ತುರಿಮಣೆ ಮುಟ್ಟದ ಗಂಡನನ್ನು ಅತ್ತೆ ಒಂದು ಕ್ಷಣ ದಿಟ್ಟಿಸಿದರು. ಆಮೇಲೆ ಎದ್ದು ಒಳಗೆ ಹೋದರು. ಮಾವ ಹಿಂದೆಯೇ ಹೋದರು.

ಹೆಂಡತಿ ನನ್ನ ಕೈ ಎಳೆದು ಹೊಟ್ಟೆಯ ಬಲಬದಿಯಲ್ಲಿಟ್ಟಳು. ಎಂದಿನಂತೆ ಏನೂ ಇಲ್ಲ. ತೆಗೆಯಲು ಹೊರಟೆ. "ಸ್ವಲ್ಪ ತಾಳಿ" ಎಂದಳು. ಒಳಗೆ ತುರಿಮಣೆಯ ಕರಕರ ಕೇಳುತ್ತಿತ್ತು. ಲಯವೇ ಇಲ್ಲದ ತುರಿಯುವಿಕೆ. ಆಗ ಅಂಗೈಯ ನಡುವೆ ಏನೋ ಗುದ್ದಿತು. ಮತ್ತೊಮ್ಮೆ, ಜೋರಾಗಿ. ನನಗೆ ಅಳು ಬಂತು. ತಡೆಯಲಿಲ್ಲ. ಅವಳು ನಗುತ್ತ ಸೆರಗಿನಿಂದ ನನ್ನ ಮುಖ ಒರೆಸಿದಳು.

ಊಟವಾದ ಮೇಲೆ ಮಾವ ನನ್ನನ್ನು ಸ್ಟಾಪಿನವರೆಗೆ ಬಿಡಲು ಬಂದರು. ಬಸ್ಸು ಬಂದಿರಲಿಲ್ಲ.

"ಸಿಕ್ಕಿತಾ?" ಎಂದರು.

"ಸಿಕ್ಕಿತು ಮಾವ."

ರಸ್ತೆಯ ಆಚೆ ನೋಡುತ್ತ ಅವರು ಹೇಳಿದರು, "ಇವಳು ಹುಟ್ಟುವಾಗ ನಾನು ಮಸ್ಕತ್ತಿನಲ್ಲಿದ್ದೆ. ಮೊದಲ ಸಲ ನೋಡಿದ್ದು ಎರಡು ವರ್ಷವಾದ ಮೇಲೆ. ನನ್ನನ್ನು ನೋಡಿ ಹೆದರಿ ಅತ್ತಳು." ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, "ಅದು ಹೇಗುಂಟು? ಒದೆಯುವುದು."

ನಾನು ಅವರ ಕೈ ಹಿಡಿದು, ಅಂಗೈ ಕೆಳಗೆ ಮಾಡಿ, ಅಡಿಯಿಂದ ನನ್ನ ಬೆರಳಿನ ಗೆಣ್ಣಿನಿಂದ ಮೆಲ್ಲನೆ ಗುದ್ದಿದೆ. "ಹೀಗೆ ಮಾವ."

ಅವರು ಕೈ ಹಿಂದಕ್ಕೆ ತೆಗೆಯಲಿಲ್ಲ.

"ಇನ್ನೊಮ್ಮೆ," ಎಂದರು.