ನೋವಿಲ್ಲದ ದವಡೆ

ಅಮ್ಮತ್ತಿ ಪೇಟೆಯಲ್ಲಿ, ಔಷಧಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ನಾನು ಹಲ್ಲಿನ ಕ್ಲಿನಿಕ್ ತೆರೆದು ಆಗ ಎರಡನೇ ವರ್ಷ. ಬರುವವರೆಲ್ಲ ಕೆನ್ನೆ ಹಿಡಿದುಕೊಂಡೇ ಮೆಟ್ಟಿಲು ಹತ್ತುತ್ತಿದ್ದರು. ಆ ಗುರುವಾರ ಬಂದವಳು ಮಾತ್ರ ಎರಡೆರಡು ಮೆಟ್ಟಿಲು ಹಾರಿಕೊಂಡು ಬಂದಳು. ಇಪ್ಪತ್ತಾರರ ಹುಡುಗಿ, ಹತ್ತಿರದ ಶಾಲೆಯಲ್ಲಿ ಪಿ.ಟಿ. ಟೀಚರ್, ಹಾಕಿ ತಂಡದ ಗೋಲ್‌ಕೀಪರ್. ಆಡುವಾಗ ಹಲ್ಲಿಗೆ ಹಾಕಿಕೊಳ್ಳುವ ರಬ್ಬರಿನ ಗಾರ್ಡನ್ನು ನನ್ನ ಮೇಜಿನ ಮೇಲಿಟ್ಟಳು.

"ಹೋದ ವರ್ಷ ಸರಿ ಇತ್ತು, ಈಗ ಇದು ಸರಿ ಕೂರುದಿಲ್ಲೆ ಡಾಕ್ಟ್ರೆ. ಕಚ್ಚಿದ್ರೆ ಬಲಗಡೆ ಮಾತ್ರ ತಾಗ್ತದೆ, ಎಡಗಡೆ ಸಂದು. ಸ್ವಲ್ಪ ಉಜ್ಜಿ ಕೊಡಿ, ಭಾನುವಾರ ಮ್ಯಾಚ್ ಉಂಟು."

"ನೋವಿದೆಯಾ?"

"ಎಂತ ನೋವೂ ಇಲ್ಲೆ."

ಉಜ್ಜಿ ಕಳಿಸಿಬಿಡಬಹುದಿತ್ತು. ಯಂತ್ರ ಕೈಗೆತ್ತಿಕೊಂಡೂ ಆಗಿತ್ತು. ಆಮೇಲೆ ಯೋಚನೆ ಬಂತು: ಹೋದ ವರ್ಷ ಸರಿಯಾಗಿ ಕೂರುತ್ತಿದ್ದ ರಬ್ಬರು ಈ ವರ್ಷ ಬೆಳೆಯಲು ಸಾಧ್ಯವಿಲ್ಲ. ಬದಲಾಗಿದ್ದರೆ ಬಾಯಿಯೇ ಬದಲಾಗಿರಬೇಕು.

ದೀಪ ಎಳೆದು ನೋಡಿದೆ. ಒಂದು ಹುಳುಕೂ ಇಲ್ಲದ ಹಲ್ಲುಗಳು. ಆದರೆ ಕೆಳಗೆ, ಬಲಗಡೆಯ ಕೊನೆಯ ದವಡೆ ಹಲ್ಲು ತನ್ನ ಸಾಲಿಗಿಂತ ಒಂಚೂರು ಮೇಲೆದ್ದಿತ್ತು. ಅದರ ಹಿಂದೆ ಬರೀ ವಸಡು.

"ಬುದ್ಧಿಹಲ್ಲು ತೆಗೆಸಿದ್ದೀರಾ?"

"ಅದು ಬಂದೇ ಇಲ್ಲೆ. ಬುದ್ಧಿಯೂ ಬರ್ಲಿಲ್ಲೆ ಅಂತ ಅವ್ವ ಹೇಳ್ತಾರೆ."

ನಗುತ್ತಲೇ ಬೆರಳನ್ನು ವಸಡಿನ ಹೊರಬದಿಗೆ ಜಾರಿಸಿ ಒತ್ತಿದೆ. ಕಲ್ಲಿನಂತಿರಬೇಕಾದ ಮೂಳೆ ಒಂದು ಎಳೆಯಷ್ಟು ಒಳಗೆ ಹೋಗಿ ವಾಪಸ್ ಬಂತು. ನನ್ನ ಸಣ್ಣ ಎಕ್ಸ್‌ರೇಯಲ್ಲಿ ಕಪ್ಪು ನೆರಳಿನ ಒಂದು ಅಂಚು ಮಾತ್ರ ಸಿಕ್ಕಿತು. ಇಡೀ ದವಡೆಯ ಚಿತ್ರ ತೆಗೆಸಿಕೊಂಡು ಬರಲು ಅವಳನ್ನು ಆಗಲೇ ಮಡಿಕೇರಿಗೆ ಕಳಿಸಿದೆ. ಅಂದು ಮಧ್ಯಾಹ್ನದ ಊಟ ನನಗೆ ರುಚಿಸಲಿಲ್ಲ. ಸ್ಕೂಟರಿನ ಸದ್ದಾದಾಗಲೆಲ್ಲ ಕಿಟಕಿಗೆ ಹೋಗಿ ಇಣುಕಿದೆ.

ನಾಲ್ಕು ಗಂಟೆಗೆ ಅವಳು ತಂದ ಚಿತ್ರವನ್ನು ಬೆಳಕಿಗೆ ಹಿಡಿದೆ. ಮೂಳೆಯೊಳಗೆ ಅಡ್ಡ ಮಲಗಿದ್ದ ಬುದ್ಧಿಹಲ್ಲು. ಅದರ ತಲೆಯನ್ನು ಮುಸುಕಿನಂತೆ ಮುಚ್ಚಿದ್ದ ನಿಂಬೆಹಣ್ಣಿನ ಗಾತ್ರದ ಕಪ್ಪು, ಸುತ್ತ ತೆಳ್ಳನೆಯ ಬಿಳಿ ಗೆರೆ. ಆ ಗೆರೆ ನೇರವಾಗಿ ಹಲ್ಲಿನ ಕುತ್ತಿಗೆಗೇ ಬಂದು ಸೇರಿತ್ತು. ಅದರ ಪಕ್ಕದ, ಮೇಲೆದ್ದಿದ್ದ ದವಡೆ ಹಲ್ಲಿಗೆ ತಣ್ಣನೆಯ ಹತ್ತಿ ಮುಟ್ಟಿಸಿದೆ; ಅವಳು ಕುರ್ಚಿಯಲ್ಲೇ ಹಾರಿದಳು. ಆ ಹಲ್ಲಿಗೆ ಜೀವವಿದೆ, ಹಾಗಾದರೆ ತೊಂದರೆ ಅದರ ಬೇರಿನಿಂದ ಬಂದದ್ದಲ್ಲ! ಓದುವಾಗ ಪುಸ್ತಕದಲ್ಲಷ್ಟೇ ಕಂಡಿದ್ದನ್ನು ನಾನೊಬ್ಬಳೇ ಹಿಡಿದಿದ್ದೆ. ಕ್ಲಿನಿಕ್ಕಿನ ಸಿಸ್ಟರನ್ನು ಕೂಗಿ ಕರೆದು ತೋರಿಸಿದೆ.

"ಡಾಕ್ಟ್ರೆ," ಎಂದಳು ಹುಡುಗಿ ಮೆಲ್ಲಗೆ. "ನೀವು ಇಷ್ಟು ಖುಷಿಲಿ ಇದ್ದೀರಲ್ಲ. ಒಳ್ಳೆ ಸುದ್ದಿಯಾ?"

ನಾಚಿಕೆಯಾಯಿತು. ಸ್ಟೂಲು ಎಳೆದುಕೊಂಡು ಅವಳೆದುರು ಕುಳಿತೆ. ಹುಟ್ಟಲಾರದೆ ಉಳಿದ ಹಲ್ಲಿನ ಸುತ್ತ ನೀರು ತುಂಬಿದ ಚೀಲ ಬೆಳೆದಂತಿದೆ, ಅದು ಸದ್ದಿಲ್ಲದೆ ಮೂಳೆ ತಿಂದಿದೆ ಎಂದು ಕಾಗದದ ಮೇಲೆ ಗೆರೆ ಎಳೆದು ವಿವರಿಸಿದೆ.

"ಕ್ಯಾನ್ಸರಾ?"

"ನೋಡಿದರೆ ಹಾಗೆ ಕಾಣುವುದಿಲ್ಲ. ಆದರೆ ಬೇರೆ ಗಡ್ಡೆಗಳೂ ಚಿತ್ರದಲ್ಲಿ ಹೀಗೇ ಕಾಣಬಹುದು. ಚೀಲ ತೆಗೆದು ಪರೀಕ್ಷೆಗೆ ಕಳಿಸಿದ ಮೇಲೇ ಖಚಿತ. ಭಾನುವಾರ ಮಾತ್ರ ಆಡಬೇಡಿ. ಒಂದು ಬಾಲ್ ತಾಗಿದರೆ ದವಡೆ ಮುರಿಯುತ್ತದೆ."

ಅವಳು ಚಿತ್ರವನ್ನೇ ನೋಡಿದಳು. "ಹೋದ ವಾರ ನಾಲ್ಕು ಮ್ಯಾಚ್ ಆಡಿದೆ," ಎಂದು ಗದ್ದ ಮುಟ್ಟಿಕೊಂಡಳು.

ಮರುದಿನ ಬೆಳಿಗ್ಗೆ ದವಡೆ ಮರಗಟ್ಟಿಸಿ, ಒಳಗಿರುವುದೇನೆಂದು ನೋಡಲು ಚೀಲಕ್ಕೆ ಸೂಜಿ ಹಾಕಿದೆ. ದಪ್ಪನೆಯ ಬಿಳಿ ಪದಾರ್ಥ ಬಂದರೆ ಮತ್ತೆ ಮತ್ತೆ ಮರಳುವ ಬೇರೆ ಜಾತಿಯ ಚೀಲವಿರಬಹುದು, ಏನೂ ಬಾರದಿದ್ದರೆ ಗಟ್ಟಿ ಗಡ್ಡೆ. ಮೆಲ್ಲಗೆ ಹಿಡಿಯನ್ನು ಹಿಂದಕ್ಕೆಳೆದೆ. ಸಿರಿಂಜಿನಲ್ಲಿ ಹೊಂಬಣ್ಣದ ತಿಳಿನೀರು ಏರಿತು; ಬಿಸಿಲಿಗೆ ಹಿಡಿದರೆ ಅದರಲ್ಲಿ ಸಣ್ಣ ಹರಳುಗಳು ಮಿನುಗಿದವು.

"ನೋಡಿ!" ಎಂದೆ. ಈ ಸಲ ಅವಳೂ ನಕ್ಕಳು, ಮರಗಟ್ಟಿ ವಾರೆಯಾದ ತುಟಿಯಲ್ಲಿ.

ಮೈಸೂರಿನ ದವಡೆ ಸರ್ಜನ್ ಒಬ್ಬರು ಆಪರೇಷನ್ ಮಾಡಿದರು. ನಾನೂ ಹೋಗಿ ಪಕ್ಕದಲ್ಲಿ ನಿಂತೆ. ಹಲ್ಲಿನ ಕುತ್ತಿಗೆಗೆ ಅಂಟಿಕೊಂಡೇ ಇಡೀ ಚೀಲ ಹರಿಯದೆ ಹೊರಬಂತು. ಹತ್ತು ದಿನಕ್ಕೆ ರಿಪೋರ್ಟ್: ಬುದ್ಧಿಹಲ್ಲಿನ ಸಾಮಾನ್ಯ ಸಿಸ್ಟ್, ಬರೀ ನೀರಿನ ಚೀಲ, ಬೇರೇನೂ ಇಲ್ಲ. ಆದರೆ ಆಪರೇಷನ್ ಆದಮೇಲೆ ಅವಳ ಕೆಳತುಟಿಯ ಬಲಭಾಗ ಮರಗಟ್ಟಿಯೇ ಉಳಿದಿತ್ತು. ಚೀಲ ತುಟಿಯ ನರಕ್ಕೆ ಒತ್ತಿಕೊಂಡಿತ್ತು, ಬಿಡಿಸುವಾಗ ನರ ನಲುಗಿದೆ, ಕಾಯೋಣ ಎಂದಿದ್ದರು ಸರ್ಜನ್. ವಾರಕ್ಕೊಮ್ಮೆ ನಾನು ಹತ್ತಿಯೆಳೆ ತಾಗಿಸಿ ಗೊತ್ತಾಯಿತಾ ಎಂದು ಕೇಳುವುದು, ಅವಳು ಕಣ್ಣುಮುಚ್ಚಿ ಇಲ್ಲವೆಂದು ತಲೆಯಾಡಿಸುವುದು. ನನ್ನ ಸಂಭ್ರಮವೆಲ್ಲ ಆ ಅಂಗುಲದಗಲ ತುಟಿಯ ಮುಂದೆ ಇಳಿದುಹೋಗಿತ್ತು.

ಆರನೇ ವಾರ ಶಾಲೆಯ ಬಿಡುವಿನ ಹೊತ್ತಿಗೆ ಫೋನ್ ಬಂತು. ಹಿಂದೆ ಮಕ್ಕಳ ಗಲಾಟೆ.

"ಡಾಕ್ಟ್ರೆ, ಕಾಫಿ ಕುಡಿದು ತುಟಿ ಸುಟ್ಟೋಯ್ತು!"

"ಯಾವ ಕಡೆ?"

"ಬಲಗಡೆ! ಉರೀತಾ ಉಂಟು!"

ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ಅಜ್ಜ ಬೆಚ್ಚಿ ನೋಡುವಷ್ಟು ಜೋರಾಗಿ ನಾನು ಕೂಗಿದೆ.